ನಮ್ಮನ್ನು ಬಲ್ಲವರು ಯಾರು?

ಮಹಾಗಾಂವದ ಓಣಿಗೆ ಹೊಸಬರೊಬ್ಬರು ಬಂದು ವಿಳಾಸ ಕೇಳಿದರೆ ಮನೆಯ ನಂಬರು ಬೇಕಾಗುವುದಿಲ್ಲ. ತಂದೆಯ ಹೆಸರು ಹೇಳಿದರೆ ಸಾಕು, ಕಟ್ಟೆಯ ಮೇಲೆ ಕುಳಿತವರು ಮನೆ ತೋರಿಸುತ್ತಾರೆ. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿರುವುದನ್ನೂ, ಈ ಸಲ ತೊಗರಿ ಎಷ್ಟು ಚೀಲ ಬಂತೆಂಬುದನ್ನೂ ಕೇಳದೆಯೇ ಹೇಳುತ್ತಾರೆ! ಹಳ್ಳಿಯಲ್ಲಿ ಯಾರೂ ಅನಾಮಧೇಯರಲ್ಲ. ಆದರೂ ನಮಗೆ ಭಯವಿಲ್ಲ. ಏಕೆಂದರೆ ನಮ್ಮನ್ನು ಬಲ್ಲವರನ್ನು ನಾವೂ ಬಲ್ಲೆವು.

ಇಂಟರ್ನೆಟ್ಟಿನಲ್ಲಿ ಹೀಗಿಲ್ಲ. ಅಲ್ಲಿ ನಮ್ಮನ್ನು ಬಲ್ಲವರು ಯಾರೆಂಬುದೇ ನಮಗೆ ತಿಳಿಯದು. ಬೇರೆ ಹೆಸರು, ಹೂವಿನ ಚಿತ್ರ ಹಾಕಿಕೊಂಡರೆ ಮರೆಯಲ್ಲಿದ್ದೇವೆಂದು ನಮ್ಮ ಮಕ್ಕಳು ತಿಳಿಯುತ್ತಾರೆ. ಆದರೆ ಜಾಲಕ್ಕೆ ಸೇರಿದ ಪ್ರತಿಯೊಂದು ಸಂಪರ್ಕಕ್ಕೂ ಐಪಿ ವಿಳಾಸವೆಂಬ ಅಂಕಿಯೊಂದಿರುತ್ತದೆ. ಅದೇ ಅಂಕಿ ಈಗ ಒಬ್ಬರದಾದರೆ ಸ್ವಲ್ಪ ಹೊತ್ತಿಗೆ ಇನ್ನೊಬ್ಬರದಾಗಬಹುದು. ಯಾವ ಗಳಿಗೆಯಲ್ಲಿ ಯಾರದಾಗಿತ್ತೆಂಬ ಲೆಕ್ಕ ಸಂಪರ್ಕ ಕೊಟ್ಟ ಕಂಪನಿಯ ಬಳಿ ಇರುತ್ತದೆ. ಆ ಲೆಕ್ಕವೇ ತಪ್ಪಿದರೆ? ೨೦೦೭ರಲ್ಲಿ ಆರ್ಕುಟ್ ತಾಣದಲ್ಲಿ ಯಾರೋ ಶಿವಾಜಿ ಮಹಾರಾಜರನ್ನು ಅವಮಾನಿಸುವ ಚಿತ್ರ ಹಾಕಿದರು. ಪುಣೆಯ ಪೊಲೀಸರು ಕಂಪನಿ ಕೊಟ್ಟ ವಿಳಾಸ ಹಿಡಿದು ಬೆಂಗಳೂರಿಗೆ ಬಂದು ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಬಂಧಿಸಿದರು. ಅವರು ಸುಮಾರು ೫೦ ದಿನ ಸೆರೆಯಲ್ಲಿ ಕಳೆದ ಮೇಲೆ ಹೊರಬಂದರು. ವಿಳಾಸವೇ ತಪ್ಪಾಗಿತ್ತು! ಅವರಿಗೂ ಆ ಚಿತ್ರಕ್ಕೂ ಸಂಬಂಧವೇ ಇರಲಿಲ್ಲ.

ಇದು ನಗರದವರ ಕಥೆ, ನಮಗೇನು ಎನ್ನಬೇಡಿ. ನಮ್ಮ ಹೊಲದ ಖರೀದಿ ಪತ್ರದವರೆಗೂ ಇದು ಬಂದಿದೆ. ಹೊಲ ಕೊಳ್ಳುವಾಗ, ಮಾರುವಾಗ ನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುತ್ತೇವೆ. ಆಧಾರ್ ಸಂಖ್ಯೆಯನ್ನೂ ಬರೆಸುತ್ತೇವೆ. ಇಂಥ ಪತ್ರಗಳ ಪ್ರತಿಗಳು ಕಾವೇರಿ ತಂತ್ರಾಂಶದ ಮೂಲಕ ಆನ್‌ಲೈನಿನಲ್ಲಿ ದೊರೆಯತೊಡಗಿದವು. ಜನರಿಗೆ ಅಲೆದಾಟ ತಪ್ಪಿತು, ಒಳ್ಳೆಯದೇ. ಆದರೆ ಅದೇ ಪ್ರತಿಗಳು ವಂಚಕರ ಕೈಗೂ ಸಿಕ್ಕವು. ಹಳ್ಳಿಗಳಲ್ಲಿ ಬ್ಯಾಂಕಿನ ಪ್ರತಿನಿಧಿಗಳು ಸಣ್ಣ ಯಂತ್ರ ಹಿಡಿದು ಹಣ ಕೊಡುವುದನ್ನು ನಾವು ನೋಡಿದ್ದೇವಲ್ಲವೆ? ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು, ಈ ಮೂರಿದ್ದರೆ ಒಂದು ಸಲಕ್ಕೆ ₹೧೦,೦೦೦ದವರೆಗೆ ತೆಗೆಯಬಹುದು. ಪಾಸ್‌ಬುಕ್ ಬೇಡ, ಒಟಿಪಿಯೂ ಬೇಡ. ವಂಚಕರು ಪತ್ರದ ಮೇಲಿನ ಹೆಬ್ಬೆಟ್ಟಿನಿಂದ ನಕಲಿ ಅಚ್ಚು ಮಾಡಿ ಹಣ ತೆಗೆದರು. ೨೦೨೩ರಲ್ಲಿ ಬೆಂಗಳೂರಿನ ಪೊಲೀಸ್ ಠಾಣೆಗಳಿಗೆ ಇಂಥ ದೂರುಗಳು ಸಾಲುಸಾಲಾಗಿ ಬಂದವು. ಆಮೇಲೆ ಸರ್ಕಾರ ಪತ್ರಗಳ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡಲು ಮುಂದಾಯಿತು.

ಪಾಸ್‌ವರ್ಡ್ ಕಳೆದುಹೋದರೆ ಬದಲಿಸಬಹುದು. ಹೆಬ್ಬೆಟ್ಟನ್ನು ಬದಲಿಸುವುದು ಹೇಗೆ?

ಇಲ್ಲಿ ಒಂದು ವಿಷಯ ಗಮನಿಸಬೇಕು. ಹಣ ಕಳೆದುಕೊಂಡವರು ಯಾರಿಗೂ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಇಲ್ಲೊಂದು ಅಲ್ಲೊಂದು ಬಿದ್ದಿದ್ದ ಚೂರುಗಳನ್ನು ಯಾರೋ ಆರಿಸಿ ಜೋಡಿಸಿದ್ದರು. ನಾವೂ ಚೂರುಗಳನ್ನು ಚೆಲ್ಲುತ್ತಲೇ ಇದ್ದೇವೆ. ಜೆರಾಕ್ಸ್ ಅಂಗಡಿಯವರ ವಾಟ್ಸಾಪ್‌ಗೆ ಆಧಾರ್ ಚಿತ್ರ ಕಳುಹಿಸಿ ಅಲ್ಲೇ ಬಿಟ್ಟುಬರುತ್ತೇವೆ. ಮಗುವಿನ ಪ್ರಥಮ ಪರಮಪ್ರಸಾದದ ಚಿತ್ರವನ್ನು ಹೆಸರು, ಶಾಲೆ, ಹುಟ್ಟಿದ ದಿನದ ಸಮೇತ ಹಂಚುತ್ತೇವೆ. ಹಬ್ಬಕ್ಕೆ ಊರಿಗೆ ಹೊರಟ ಸುದ್ದಿಯನ್ನು ಮನೆಗೆ ಬೀಗ ಹಾಕುವ ಮೊದಲೇ ಲೋಕಕ್ಕೆ ಸಾರುತ್ತೇವೆ! ನಮ್ಮ ಧರ್ಮಕೇಂದ್ರಗಳೂ ಇದಕ್ಕೆ ಹೊರತಲ್ಲ. ನೂರಾರು ಕುಟುಂಬಗಳನ್ನು ಒಂದೇ ವಾಟ್ಸಾಪ್ ಗುಂಪಿಗೆ ಸೇರಿಸಿದರೆ ಎಲ್ಲರ ಫೋನ್ ನಂಬರು ಎಲ್ಲರಿಗೂ ಕಾಣುತ್ತದೆ. ವಿಧವೆಯರದು, ಒಂಟಿಯಾಗಿರುವ ಹೆಣ್ಣುಮಕ್ಕಳದು ಕೂಡ. ಅವರನ್ನು ಒಂದು ಮಾತು ಕೇಳಿದವರೆಷ್ಟು ಮಂದಿ?

ಆಮೇಲೆ ಒಂದು ದಿನ ಫೋನು ಬರುತ್ತದೆ. ಕರೆ ಮಾಡಿದವರು ನಮ್ಮ ಹೆಸರು, ಮಗನ ಹೆಸರು, ಬ್ಯಾಂಕಿನ ಹೆಸರು ಎಲ್ಲವನ್ನೂ ಸರಿಯಾಗಿ ಹೇಳುತ್ತಾರೆ. ಇಷ್ಟು ತಿಳಿದವರು ನಮ್ಮವರೇ ಇರಬೇಕೆಂದು ಮನಸ್ಸು ನಂಬುತ್ತದೆ. ಹಳ್ಳಿಯಲ್ಲಿ ಕಲಿತ ಒಳ್ಳೆಯ ನಂಬಿಕೆಯೇ ಇಲ್ಲಿ ನಮಗೆ ಉರುಳಾಗುತ್ತದೆ. ಇಂಥ ಕರೆ ಬಂದರೆ ಫೋನಿಟ್ಟು, ಪಾಸ್‌ಬುಕ್ಕಿನಲ್ಲಿರುವ ಬ್ಯಾಂಕಿನ ನಂಬರಿಗೆ ನಾವೇ ಕರೆ ಮಾಡಬೇಕು. ಹಣ ಹೋಗಿದ್ದರೆ ತಡಮಾಡದೆ ೧೯೩೦ಕ್ಕೆ ಫೋನ್ ಮಾಡಿ ದೂರು ಕೊಡಬೇಕು. ಬೇಗ ತಿಳಿಸಿದಷ್ಟೂ ಹಣ ಮುಂದಕ್ಕೆ ಹೋಗದಂತೆ ತಡೆಯುವ ಸಾಧ್ಯತೆ ಹೆಚ್ಚು.

ಖಾಸಗಿತನ ಶ್ರೀಮಂತರ ಚಿಂತೆ ಎಂದು ಹೇಳುವವರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹಾಗೆ ಎಣಿಸಲಿಲ್ಲ. ಎಂಬತ್ತು ದಾಟಿದ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಹೆಸರಿನ ಮೊಕದ್ದಮೆಯಲ್ಲೇ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತರು. ೨೦೨೩ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಬಂತು. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದವು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ತೀರಿಕೊಂಡರು.

ಕಾನೂನು ಇದ್ದರೂ ಬೀಗ ನಾವೇ ಹಾಕಬೇಕು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನಮ್ಮ ಬೆರಳಚ್ಚನ್ನು ‘ಲಾಕ್’ ಮಾಡುವ ಸೌಲಭ್ಯವಿದೆ, ಖರ್ಚಿಲ್ಲ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು ಅಷ್ಟೇ. ಗುರುತಿನ ಪ್ರತಿ ಕೊಡಬೇಕಾದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರನ್ನು ಅಲ್ಲಿಂದಲೇ ಇಳಿಸಿಕೊಳ್ಳಬಹುದು. ಆದರೆ ಒಂದು ತೊಡಕಿದೆ. ಲಾಕ್ ಮಾಡಿದ ಬೆರಳು ನ್ಯಾಯಬೆಲೆ ಅಂಗಡಿಯ ಯಂತ್ರದಲ್ಲೂ ನಡೆಯುವುದಿಲ್ಲ. ಅಜ್ಜಿ ಅಕ್ಕಿ ತರಲು ಹೊರಡುವಾಗ ಮೊಮ್ಮಗನೂ ಮೊಬೈಲ್ ಹಿಡಿದು ಜೊತೆಗೆ ಹೋಗಲಿ. ಅವಳ ಸರದಿ ಬಂದಾಗ ಸ್ವಲ್ಪ ಹೊತ್ತಿಗೆ ಬೀಗ ತೆಗೆದರೆ ಸಾಕು, ಅವಧಿ ಮುಗಿದೊಡನೆ ಅದು ತಾನಾಗಿಯೇ ಬೀಳುತ್ತದೆ.