ಶಿಕ್ಷೆಯ ಪುಸ್ತಕದಲ್ಲಿ ಕೈದಿಯ ಮಾತಿಗೂ ಜಾಗವಿರಲಿ

ಜೈಲು ಸೇರಿದವರಿಗೆ ಜೈಲಿನೊಳಗೂ ಮತ್ತೆ ಶಿಕ್ಷೆಯಾಗುತ್ತದೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಜೈಲು ವಾರ್ಡರ್ ಹುದ್ದೆಯ ಪರೀಕ್ಷೆಗೆ ಓದುತ್ತಿರುವ ನನಗೆ ಇದು ಗೊತ್ತಾಗಿದ್ದು ಬ್ರಿಟಿಷರು ತಂದ 1894ರ ಕಾರಾಗೃಹ ಕಾಯ್ದೆಯನ್ನು ಓದಿದಾಗ.

ಕೆಲಸ ಮಾಡಲು ಒಪ್ಪದಿರುವುದು, ಕಾಯಿಲೆಯ ನಾಟಕವಾಡುವುದು, ನಿಷೇಧಿತ ವಸ್ತು ಇಟ್ಟುಕೊಳ್ಳುವುದು ಎಲ್ಲವೂ ಅದರ 45ನೇ ಕಲಮಿನ ಪ್ರಕಾರ ಜೈಲಿನ ಅಪರಾಧಗಳು. 46ನೇ ಕಲಮಿನಲ್ಲಿ ಎಚ್ಚರಿಕೆಯಿಂದ ಹಿಡಿದು ಬೇಡಿ, ಒಂಟಿ ಕೋಣೆ, 30 ಛಡಿಯೇಟಿನವರೆಗೆ ಶಿಕ್ಷೆಗಳಿವೆ. ವಿಚಾರಿಸುವವರೂ ಶಿಕ್ಷಿಸುವವರೂ ಸೂಪರಿಂಟೆಂಡೆಂಟ್ ಒಬ್ಬರೇ.

ನನ್ನನ್ನು ಯೋಚನೆಗೆ ಹಚ್ಚಿದ್ದು 51ನೇ ಕಲಂ. ಕೈದಿಯ ಹೆಸರು, ನಂಬರು, ಅಪರಾಧ, ಶಿಕ್ಷೆ, ದಿನಾಂಕವನ್ನು ಶಿಕ್ಷೆಯ ಪುಸ್ತಕದಲ್ಲಿ ಬರೆಯಬೇಕು. ಆದರೆ ಕೈದಿ ಏನು ಹೇಳಿದ ಎಂದು ಬರೆಯುವುದು ಕಡ್ಡಾಯವಾಗಿದ್ದುದು ಛಡಿಯೇಟಿನ ಪ್ರಕರಣಗಳಲ್ಲಿ ಮಾತ್ರ!

ಕಾಲ ಬದಲಾಗಿದೆ. ದಿಲ್ಲಿಯ ತಿಹಾರ್ ಜೈಲಿನಲ್ಲಿದ್ದ ಸುನಿಲ್ ಬಾತ್ರಾ, ಸಹಕೈದಿಯ ಮೇಲಾದ ಹಿಂಸೆಯ ಬಗ್ಗೆ ಸುಪ್ರೀಂ ಕೋರ್ಟ್‌ಗೆ ಪತ್ರ ಬರೆದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ 1979ರಲ್ಲಿ ಸ್ಪಷ್ಟವಾಗಿ ಹೇಳಿತು: ಒಂಟಿ ಕೋಣೆಯಿರಲಿ, ಸೌಲಭ್ಯ ಕಡಿತವಿರಲಿ, ಸೆಷನ್ಸ್ ನ್ಯಾಯಾಧೀಶರ ಪರಿಶೀಲನೆ ಬೇಕು, ತುರ್ತಾಗಿದ್ದರೆ ಎರಡು ದಿನದೊಳಗೆ ಅವರಿಗೆ ತಿಳಿಸಬೇಕು.

2023ರಲ್ಲಿ ಕೇಂದ್ರ ಗೃಹ ಸಚಿವಾಲಯ ಮಾದರಿ ಕಾಯ್ದೆಯೊಂದನ್ನು ರೂಪಿಸಿತು. ಕಾರಾಗೃಹ ರಾಜ್ಯಪಟ್ಟಿಯ ವಿಷಯವಾದ್ದರಿಂದ ಅದನ್ನು ಜಾರಿಗೆ ತರುವುದು ರಾಜ್ಯಗಳ ಕೈಯಲ್ಲಿದೆ. ಈಗ ಮೊಬೈಲ್, ಗಾಂಜಾ ಒಳಗೆ ನುಸುಳುವುದೇ ದೊಡ್ಡ ತಲೆನೋವು. ಶಿಸ್ತು ಬೇಡವೆಂದು ಯಾರೂ ಹೇಳಲಾರರು.

ಆದರೆ ‘ಸಣ್ಣ’ ಶಿಕ್ಷೆ ನಿಜಕ್ಕೂ ಸಣ್ಣದೇ? ಶಿಕ್ಷಾ ಮಾಫಿಯ ದಿನಗಳು ಹೋದರೆ ಬಿಡುಗಡೆ ಅಷ್ಟು ದಿನ ಮುಂದಕ್ಕೆ ಹೋಗುತ್ತದೆ. ಭೇಟಿ ರದ್ದಾದರೆ ಊರಿನಿಂದ ಬಸ್ಸು ಹತ್ತಿ ಬಂದ ತಾಯಿ ಮಗನನ್ನು ನೋಡದೇ ಮರಳಬೇಕು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ ಸುಮಾರು ಮುಕ್ಕಾಲು ಭಾಗ ವಿಚಾರಣಾಧೀನರು. ಅಂದರೆ ಹೊರಗಿನ ಆರೋಪವೇ ಇನ್ನೂ ಸಾಬೀತಾಗದವರು.

ಹಾಸ್ಟೆಲ್‌ನಲ್ಲಿ ನಮ್ಮ ಮೇಲೆ ದೂರು ಬಂದರೆ ‘ನನ್ನ ಮಾತೂ ಕೇಳಿ ಸಾರ್’ ಎನ್ನುತ್ತೇವೆ. ಕೇಳದಿದ್ದರೆ ಬ್ಯಾಗು ಹಿಡಿದು ಊರಿಗೆ ಹೊರಡಬಹುದು. ಕೈದಿಗೆ ಆ ದಾರಿಯಿಲ್ಲ.

ನನಗೆ ಈ ಕೆಲಸ ಸಿಕ್ಕರೆ, ನಿಯಮ ಮುರಿದವರ ಬಗ್ಗೆ ಮೊದಲು ವರದಿ ಕೊಡಬೇಕಾದವನು ನಾನೇ ಆಗಿರುತ್ತೇನೆ. ಶಿಕ್ಷೆ ಎಷ್ಟೇ ಚಿಕ್ಕದಿರಲಿ, ಕೈದಿಯ ಉತ್ತರಕ್ಕೊಂದು ಕಾಲಂ ಕಡ್ಡಾಯವಾಗಲಿ. ಅದಕ್ಕೆ ಹೊಸ ಕಟ್ಟಡವೂ ಬೇಡ, ಹೆಚ್ಚು ಹಣವೂ ಬೇಡ. ನನ್ನ ಜೊತೆ ಈ ಹುದ್ದೆಗೆ ಓದುತ್ತಿರುವ ಗೆಳೆಯ ಗೆಳತಿಯರೇ, ನೀವೇನಂತೀರಿ?