ಪನ್ಹಾಳ: ಕಾಳು ಕಾದ ಕೋಟೆಯೂರು

ನಿಪ್ಪಾಣಿ ತಾಲ್ಲೂಕಿನ ಕೊಗನೊಳ್ಳಿಯು ಕರ್ನಾಟಕದ ವಾಯವ್ಯ ಗಡಿಯ ಕೊನೆಯ ಊರುಗಳಲ್ಲೊಂದಾಗಿದ್ದು, ಹೆದ್ದಾರಿಯಲ್ಲಿ ಸಾಗುವವರಿಗೆ ಅಲ್ಲಿಯ ಟೋಲ್ ನಾಕೆಯಿಂದಲೇ ಹೆಚ್ಚು ಪರಿಚಿತವಾಗಿದೆ. ಅಲ್ಲಿಂದ ದೂಧಗಂಗೆಯ ಸೇತುವೆ ದಾಟಿ, ಕಾಗಲ ಮತ್ತು ಕೊಲ್ಲಾಪುರಗಳನ್ನು ಹಿಂದಿಕ್ಕಿ, ಮತ್ತೆ ಸುಮಾರು 20 ಕಿ.ಮೀ. ದೂರ ಗುಡ್ಡದ ದಾರಿಯನ್ನೇರಿದರೆ ಪನ್ಹಾಳ ಸಿಗುತ್ತದೆ. ಸಹ್ಯಾದ್ರಿಯ ಮುಖ್ಯ ಸಾಲಿನಿಂದ ಮೂಡಣಕ್ಕೆ ಚಾಚಿದ ಕವಲೊಂದರ ನೆತ್ತಿಯಲ್ಲಿ, 3,000 ಅಡಿಗೂ ಮಿಕ್ಕ ಎತ್ತರದಲ್ಲಿರುವ ಈ ಊರಿನ ವಿಶೇಷವೆಂದರೆ, ಇಲ್ಲಿ ಊರಿನ ಪಕ್ಕದಲ್ಲಿ ಕೋಟೆಯಿಲ್ಲ, ಕೋಟೆಯ ಒಳಗೇ ಊರಿದೆ. 7 ಕಿ.ಮೀ.ಗಿಂತಲೂ ಉದ್ದನೆಯ ಪ್ರಾಕಾರದೊಳಗೆ ಮೂರು ಸಾವಿರದ ಆಸುಪಾಸಿನ ಜನ, ಅವರ ಮನೆ, ಶಾಲೆ, ಅಂಗಡಿಗಳೆಲ್ಲ ಅಡಗಿವೆ.

ಈ ಊರಿನ ಮೊದಲ ಅಧ್ಯಾಯಕ್ಕೂ ಕನ್ನಡಕ್ಕೂ ನಿಕಟವಾದ ನಂಟಿದೆ. 11 ಮತ್ತು 12ನೇ ಶತಮಾನಗಳಲ್ಲಿ ಕೊಲ್ಲಾಪುರ ಸೀಮೆಯನ್ನಾಳಿದ ಶಿಲಾಹಾರರು ಕಲ್ಯಾಣ ಚಾಳುಕ್ಯರ ಮಾಂಡಲಿಕರು, ಎಂದರೆ ಅಧೀನ ಅರಸರು. ಅವರ ಶಾಸನಗಳಲ್ಲಿ ಸಂಸ್ಕೃತದೊಡನೆ ಕನ್ನಡವೂ ಬಳಕೆಯಾಗಿದೆ. ಕೊಗನೊಳ್ಳಿಯ ಆಚೆ ದಡದಲ್ಲಿ, ಕಾಗಲದ ಹತ್ತಿರದ ಹೊನ್ನೂರಿನ ಬಸದಿಯಲ್ಲಿ ದೊರೆತ, ಬಲ್ಲಾಳ ಮತ್ತು ಗಂಡರಾದಿತ್ಯರ ಕಾಲದ ಶಾಸನ ಕನ್ನಡದ್ದೇ ಆಗಿದೆ. ಗಂಡರಾದಿತ್ಯನ ಮೊಮ್ಮಗ ಇಮ್ಮಡಿ ಭೋಜನು 12ನೇ ಶತಮಾನದ ಕೊನೆಯ ಭಾಗದಲ್ಲಿ ಪನ್ಹಾಳವನ್ನು ನೆಲೆವೀಡು, ಅಂದರೆ ಅರಸನು ಬೀಡುಬಿಟ್ಟಿರುವ ರಾಜಧಾನಿ, ಮಾಡಿಕೊಂಡನು. ‘ಗಿರಿದುರ್ಗಲಂಘನ’, ಬೆಟ್ಟದ ಕೋಟೆಗಳನ್ನು ಹತ್ತಿ ಗೆಲ್ಲುವವನು, ಎಂಬ ಬಿರುದು ಈ ವಂಶದ್ದು. ಆದರೆ 13ನೇ ಶತಮಾನದ ಆರಂಭದಲ್ಲಿ ದೇವಗಿರಿಯ ಯಾದವ ಸಿಂಘಣನು ಭೋಜನನ್ನು ಅವನ ಗಿರಿದುರ್ಗದಲ್ಲೇ ಸೋಲಿಸಿದನು. ಯಾದವರ ಶಾಸನಗಳು ಪನ್ನಾಳದಲ್ಲಿ ವಾಸವಾಗಿದ್ದ ಭೋಜನನ್ನು ಹಾವಿಗೂ ಸಿಂಘಣನನ್ನು ಗರುಡನಿಗೂ ಹೋಲಿಸುತ್ತವೆ. ಶಿಲಾಹಾರರ ಧ್ವಜದ ಮೇಲಿದ್ದದ್ದೂ ಗರುಡನೇ ಎಂಬುದನ್ನು ನೆನೆದರೆ, ಈ ಹೋಲಿಕೆಯ ಚುಚ್ಚು ಇನ್ನಷ್ಟು ಮೊನಚಾಗಿ ತೋರುತ್ತದೆ.

ಪನ್ಹಾಳದಲ್ಲಿ ಈಗ ಕಾಣುವ ಕಟ್ಟಡಗಳು ಬಹುಮಟ್ಟಿಗೆ ವಿಜಾಪುರದ ಆದಿಲಶಾಹಿಗಳ ಕಾಲದವು, ಮತ್ತು ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಅಂಬರಖಾನೆ, ಅಂದರೆ ಕೋಟೆಯ ಕಣಜ. ಗಂಗಾ, ಯಮುನಾ, ಸರಸ್ವತಿ ಎಂದು ಹೆಸರಿಟ್ಟ ಮೂರು ಕೋಠಿಗಳಲ್ಲಿ ಗಂಗಾ ಕೋಠಿಯೇ ದೊಡ್ಡದು. ಅದರಲ್ಲಿ 25,000 ಖಂಡಿ ಕಾಳು ಹಿಡಿಯುತ್ತಿತ್ತೆಂಬ ಲೆಕ್ಕ ರೂಢಿಯಲ್ಲಿದೆ (ಖಂಡಿ ಎಂದರೆ ಇಪ್ಪತ್ತು ಮಣ). ಹೊರಗಿನಿಂದ ಬಿಗಿಯಾದ ಕಲ್ಲಿನ ಪೆಟ್ಟಿಗೆಯಂತೆ ತೋರುವ ಇದರ ಒಳಭಾಗವು ಹದಿನಾರು ಅಂಕಣಗಳಾಗಿ ಒಡೆದಿದ್ದು, ಪ್ರತಿ ಅಂಕಣಕ್ಕೂ ತನ್ನದೇ ಕಮಾನಿನ ಛಾವಣಿಯೂ ಅದರ ನಡುವೆ ಒಂದು ಕಿಂಡಿಯೂ ಇವೆ. ಗೋಡೆಯ ಎರಡೂ ಬದಿಗೆ ಹೊರಗಿನಿಂದಲೇ ಮೆಟ್ಟಿಲುಗಳಿದ್ದು, ಭತ್ತ, ರಾಗಿ, ವರಗುಗಳ ಚೀಲ ಹೊತ್ತವರು ಅವನ್ನೇರಿ ಛಾವಣಿಯ ಮೇಲೆ ನಿಂತು ಕಿಂಡಿಯಿಂದ ಕಾಳು ಸುರಿಯುತ್ತಿದ್ದರು.

ಈ ಏರ್ಪಾಡಿನ ಜಾಣ್ಮೆ ಬಯಲುಸೀಮೆಯ ಹಗೇವನ್ನು ಬಲ್ಲವರಿಗೆ ಬೇಗ ಹೊಳೆಯುತ್ತದೆ. ಜೋಳ ಕೂಡಿಡಲು ನೆಲದಲ್ಲಿ ತೋಡುವ ಹಗೇವಿನಲ್ಲಿ ತುಂಬುವ ಬಾಯಿಯೂ ತೆಗೆಯುವ ಬಾಯಿಯೂ ಒಂದೇ ಆಗಿರುವುದರಿಂದ, ಕೊನೆಗೆ ಹಾಕಿದ ಕಾಳು ಮೊದಲು ಮೇಲೆ ಬರುತ್ತದೆ. ಹಳೆಯದು ತಳದಲ್ಲೇ ಉಳಿಯುತ್ತದೆ. ಬಹುದಿನ ಮುಚ್ಚಿದ ಹಗೇವಿಗೆ ಇಳಿಯುವವರು ಒಳಗಿನ ಕೆಟ್ಟ ಗಾಳಿಗೂ ಅಂಜಬೇಕು. ಮೇಲಿನಿಂದ ತುಂಬಿ, ನೆಲಮಟ್ಟದ ಬಾಗಿಲಿನಿಂದ ಹೊರತೆಗೆಯುವ ಕೋಠಿಯಲ್ಲಿ ಇವೆರಡೂ ತೊಡಕುಗಳು ಕಡಿಮೆ. ಮುಂಗಾರಿನ ನಾಲ್ಕು ತಿಂಗಳು ಮಂಜು ಮಳೆಗಳಲ್ಲಿ ತೊಯ್ಯುವ ಗುಡ್ಡದ ಮೇಲೆ ನೆಲದ ಕಣಜ ಉಳಿಯುವಂತೆಯೂ ಇರಲಿಲ್ಲ. ಕಟ್ಟಿದವರ ಹೆಸರು ತಿಳಿಯದಿದ್ದರೂ ಅವರಿಗೆ ಕಾಳಿನ ಸ್ವಭಾವ ಗೊತ್ತಿತ್ತೆನ್ನುವುದರಲ್ಲಿ ಅನುಮಾನವಿಲ್ಲ.

ನೀರಿನ ಕಾವಲಿಗೆ ಅಂಧಾರಬಾವಿ, ಎಂದರೆ ಕತ್ತಲಬಾವಿ, ಇದೆ. ಮುತ್ತಿಗೆ ಹಾಕಿದವರು ನೀರಿಗೆ ವಿಷ ಬೆರೆಸದಂತೆ ಬಾವಿಯ ಮೇಲೆಯೇ ಮೂರು ಅಂತಸ್ತಿನ ಕಟ್ಟಡವನ್ನೆಬ್ಬಿಸಿ, ಕಾವಲುಗಾರರಿಗೆ ಗೂಡುಗಳನ್ನು ಬಿಡಲಾಗಿದೆ. ಪಡುವಣ ದಿಕ್ಕಿನ ತೀನ್ ದರವಾಜಾ ಎಂಬ ಮುಪ್ಪದರದ ಹೆಬ್ಬಾಗಿಲು ಕೆತ್ತನೆಗೆ ಹೆಸರಾದದ್ದು. ಅದನ್ನು ಚಿತ್ರಗಳಲ್ಲಿ ಎಲ್ಲರೂ ನೋಡಿರುತ್ತಾರೆ.

ಪನ್ಹಾಳದ ಹೆಸರು ಜನರ ನಾಲಗೆಯಲ್ಲಿ ಉಳಿದಿರುವುದು 1660ರ ಒಂದೇ ಇರುಳಿನಿಂದ. ಆದಿಲಶಾಹಿ ಸರದಾರ ಸಿದ್ದಿ ಜೌಹರನು ತಿಂಗಳುಗಟ್ಟಲೆ ಹಾಕಿದ್ದ ಮುತ್ತಿಗೆಯಿಂದ ಶಿವಾಜಿಯು ಜುಲೈ ತಿಂಗಳ ಮಳೆಯ ರಾತ್ರಿಯಲ್ಲಿ ಪಾರಾಗಿ ವಿಶಾಳಗಡವನ್ನು ಸೇರಿದನು. ಅವನ ವೇಷ ತೊಟ್ಟ ಶಿವಾ ಕಾಶೀದ ಮತ್ತು ಕಣಿವೆಯನ್ನು ತಡೆದು ನಿಂತ ಬಾಜೀಪ್ರಭು ಪ್ರಾಣತೆತ್ತರು. ಅಷ್ಟು ತಿಂಗಳು ಕೋಟೆ ತಾಳಿಕೊಂಡದ್ದರಲ್ಲಿ ಅಂಬರಖಾನೆಯ ಪಾಲೆಷ್ಟೆಂದು ಲಾವಣಿಕಾರರು ಕೇಳುವುದಿಲ್ಲ. ಕಾಳಿಗೆ ಪ್ರತಿಮೆ ನಿಲ್ಲಿಸುವ ವಾಡಿಕೆ ಎಲ್ಲಿಯೂ ಇಲ್ಲವಷ್ಟೆ. 1701ರಲ್ಲಿ ಔರಂಗಜೇಬನು ಇಂಗ್ಲೆಂಡಿನ ರಾಯಭಾರಿ ವಿಲಿಯಂ ನಾರಿಸ್‌ನನ್ನು ಬರಮಾಡಿಕೊಂಡದ್ದು ಪನ್ಹಾಳದ ಮುಂದಿನ ಪಾಳೆಯದಲ್ಲಿ. ಮುಂದೆ ಕೊಲ್ಲಾಪುರ ಸಂಸ್ಥಾನದ ರಾಜಧಾನಿಯಾಗಿದ್ದ ಊರು 1782ರಲ್ಲಿ ಆ ಪಟ್ಟವನ್ನು ಕೊಲ್ಲಾಪುರಕ್ಕೆ ಬಿಟ್ಟುಕೊಟ್ಟಿತು. 1844ರ ಗಡಕರಿಗಳ, ಎಂದರೆ ವಂಶಪಾರಂಪರ್ಯದ ಕೋಟೆ ಕಾವಲುಗಾರರ, ದಂಗೆಯ ತರುವಾಯ ಇಂಗ್ಲಿಷರು ಚಾರ್ ದರವಾಜಾ ಎಂಬ ಮೂಡಣ ಬಾಗಿಲನ್ನು ಕೆಡವಿದರು.

ಈಗಿನ ಪನ್ಹಾಳ ಝುಣಕ-ಭಾಕರಿಯ ತಿಂಡಿಮನೆಗಳ, ವಾರಾಂತ್ಯದ ವಾಹನಗಳ ಊರು. ಚೈತ್ರದ ಹುಣ್ಣಿವೆಗೆ ಎದುರಿನ ಜೋತಿಬಾನ ಗುಡ್ಡಕ್ಕೆ ಬೆಳಗಾವಿ ಸೀಮೆಯಿಂದ ಹೋಗುವ ಸಾವಿರಾರು ಭಕ್ತರಲ್ಲಿ ಅನೇಕರು ಇಲ್ಲಿಗೂ ಬಂದು, ವೀರರ ಪ್ರತಿಮೆಗಳಿಗೆ ಕೈಮುಗಿದು ಹಿಂದಿರುಗುತ್ತಾರೆ. 2025ರ ಜುಲೈನಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹನ್ನೆರಡು ಕೋಟೆಗಳಲ್ಲಿ ಪನ್ಹಾಳವೂ ಒಂದು. ಪಟ್ಟಿಯಲ್ಲಿ ಅವುಗಳಿಗಿರುವ ಒಟ್ಟು ಹೆಸರು ಮರಾಠರ ಸೈನಿಕ ಭೂದೃಶ್ಯಗಳು ಎಂದು. ಆ ಗೌರವ ಸಲ್ಲಬೇಕಾದದ್ದೇ. ಆದರೆ ಆ ಹೆಸರಿನೊಳಗೆ ಭೋಜನಿಗೂ ಗಂಗಾ ಕೋಠಿಯನ್ನು ಕಟ್ಟಿದವರಿಗೂ ಜಾಗವಿಲ್ಲ. ಜೋತಿಬಾನ ದರ್ಶನಕ್ಕೆ ಹೋಗುವ ಗಡಿನಾಡಿನವರು ಒಂದು ಗಳಿಗೆ ಬಿಡುವು ಮಾಡಿಕೊಂಡು ಆ ಕೋಠಿಯೊಳಗೆ ನಿಂತು ತಲೆಯೆತ್ತಿ ನೋಡಬೇಕು. ಕಾಳು ಸುರಿಯುತ್ತಿದ್ದ ಕಿಂಡಿಗಳಿಂದ ಈಗ ಬೆಳಕು ಇಳಿಯುತ್ತದೆ, ಕೆಳಗೆ ನೆಲ ಬರಿದಾಗಿದೆ.