ಹಳೆಯ ಭಾವಚಿತ್ರವನ್ನು ತಿದ್ದಿಸುವ ಮುನ್ನ

ನಮ್ಮ ಅಜ್ಜಿಯವರದೆಂದು ಉಳಿದಿರುವುದು ೧೯೭೦ರ ದಶಕದ ಒಂದೇ ಭಾವಚಿತ್ರ. ಗಣಕಯಂತ್ರದಲ್ಲಿ ತಿದ್ದಿಸಿದಾಗ ಮುಖವೇ ಬೇರೆಯವರದಾಗಿ ಬಂದಿತು. ದೋಷ ತಿದ್ದಿದವರದಲ್ಲ, ನಾನು ಅವಸರದಲ್ಲಿ ಮಾಡಿದ ಸ್ಕ್ಯಾನಿನದು. ಜೇನುಗೂಡಿನಂತಹ ಉಬ್ಬುತಗ್ಗುಗಳ ಆ ಕಾಗದದ ಮೇಲೆ ಬೆಳಕು ಓರೆಯಾಗಿ ಬಿದ್ದು, ಉಬ್ಬುಗಳ ನೆರಳೆಲ್ಲ ಕೆನ್ನೆಯ ಮೇಲೆ ಚುಕ್ಕೆಗಳಾಗಿ ಮೂಡಿದ್ದವು. ಅವನ್ನು ಅಳಿಸಹೋಗಿ ಮುಖದ ಸುಕ್ಕುಗಳೂ ಅಳಿಸಿಹೋಗಿದ್ದವು.

ಮೊದಲು ಮೃದು ಕುಂಚದಿಂದ ಧೂಳು ತೆಗೆಯಬೇಕು. ಒದ್ದೆ ಬಟ್ಟೆ ಸರ್ವಥಾ ಕೂಡದು. ಸ್ಕ್ಯಾನರಿನ ಸ್ವಯಂ ತಿದ್ದುಪಡಿಗಳನ್ನು ನಿಲ್ಲಿಸಿ, ೬೦೦ ಡಿಪಿಐಯಲ್ಲಿ ಒಮ್ಮೆ, ಚಿತ್ರವನ್ನು ತಲೆಕೆಳಗಾಗಿ ತಿರುಗಿಸಿಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡಬೇಕು. ಗಣಕದಲ್ಲಿ ಎರಡನೆಯದನ್ನು ನೇರವಾಗಿಸಿ, ಮೊದಲನೆಯದರ ಮೇಲೆ ಸರಿಯಾಗಿ ಹೊಂದಿಸಿ, ಅರ್ಧ ಪಾರದರ್ಶಕಗೊಳಿಸಿದರೆ ಎದುರುಬದುರಿನ ನೆರಳುಗಳು ಬಹುಮಟ್ಟಿಗೆ ಕರಗುತ್ತವೆ. ಟಿಫ್ ಕಡತವಾಗಿ ಉಳಿಸಿ, ಅನಂತರವೇ ತಿದ್ದಲು ಕೊಡಿ. ಗಾಜಿಗೆ ಅಂಟಿಕೊಂಡ ಚಿತ್ರವನ್ನು ಮಾತ್ರ ಕೀಳಬೇಡಿ. ಗಾಜಿನ ಮೂಲಕವೇ ಸೆರೆಹಿಡಿಯಿರಿ.

ಎರಡನೆಯ ಯತ್ನದಲ್ಲಿ ಅಜ್ಜಿಯವರ ಹಣೆಯ ವಿಭೂತಿಯ ಗೆರೆಗಳೂ ಕಂಡವು.